ಶಿಲ್ಪಿ ಪಿಲ್ಟ್ಸ್ ಮತ್ತು ಅವನ ರೆಕ್ಕೆಯ ಕುದುರೆಗಳು

ಭವ್ಯವಾದೊಂದು ಕಟ್ಟಡವನ್ನು ಕಂಡಾಗ ನಾವು ಅದನ್ನು ಕಟ್ಟಿಸಿದ ದೊರೆಯ ಹೆಸರನ್ನು ಹೇಳುತ್ತೇವೆ. ಬಲ್ಲವರಾದರೆ ನಕ್ಷೆ ಬರೆದವನ ಹೆಸರನ್ನೂ ಹೇಳುತ್ತೇವೆ. ಅದರ ಬಾಗಿಲಲ್ಲಿಯೂ ನೆತ್ತಿಯಲ್ಲಿಯೂ ನಿಂತ ವಿಗ್ರಹಗಳನ್ನು ಮಾಡಿದವನಾರೆಂದು ಕೇಳುವವರು ವಿರಳ. ಈ ದಿನ ನಾವು ಅಂತಹ ಒಬ್ಬ ಶಿಲ್ಪಿಯ ಮಾತನ್ನೆತ್ತಿಕೊಂಡಿದ್ದೇವೆ.

ವಿನ್ಸೆಂಟ್ಸ್ ಪಿಲ್ಟ್ಸ್ 1816ರಲ್ಲಿ ಬೊಹೆಮಿಯದ ವಾರ್ನ್ಸ್‌ಡೋರ್ಫ್ ಎಂಬ ಊರಿನಲ್ಲಿ ಹುಟ್ಟಿದನು. ಆ ಸೀಮೆ ಆಗ ಆಸ್ಟ್ರಿಯದ ಚಕ್ರವರ್ತಿಗೆ ಸೇರಿತ್ತು. ಈಗ ಚೆಕ್ ಗಣರಾಜ್ಯದಲ್ಲಿದೆ. ಅವನ ವೃತ್ತಿಯು ವಿಯೆನ್ನಾ ನಗರದ ಭಾಗ್ಯದೊಡನೆ ಹೆಣೆದುಕೊಂಡಿತು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫನು ಆ ನಗರದ ಹಳೆಯ ಕೋಟೆಯನ್ನು ಕೆಡವಿಸಲು ಅಪ್ಪಣೆ ಕೊಟ್ಟನು. ಕೋಟೆ ಇದ್ದಲ್ಲಿ ರಿಂಗ್‌ಸ್ಟ್ರಾಸ್ಸೆ ಎಂಬ ವಿಶಾಲವಾದ ಬೀದಿ ಹುಟ್ಟಿತು. ಅದರ ಇಕ್ಕೆಲಗಳಲ್ಲಿ ಸೌಧಗಳೆದ್ದವು. ಶಿಲ್ಪಿಗಳಿಗೆ ಕೈತುಂಬ ಕೆಲಸ ದೊರೆಯಿತು.

ಅವುಗಳಲ್ಲಿ ಮೊದಲಿನದು ರಾಜಸಂಗೀತನಾಟಕಶಾಲೆ. ಅದರ ಮುಖಮಂಟಪದ ಮೇಲೆ ನಿಲ್ಲಲೆಂದು ಪಿಲ್ಟ್ಸ್ ಕಂಚಿನಲ್ಲಿ ಎರಡು ಪೆಗಾಸಸ್ ಕುದುರೆಗಳನ್ನು ಮಾಡಿದನು. ಪೆಗಾಸಸ್ ಎಂದರೆ ಗ್ರೀಕರ ಪುರಾಣದ ರೆಕ್ಕೆಯ ಕುದುರೆ. ಒಂದೊಂದರ ಬಳಿಯಲ್ಲಿಯೂ ಅದನ್ನು ಹಿಡಿದು ನಿಂತ ಕಲಾದೇವತೆ. ಆದರೆ ಮೇಲೇರಿದ ಕುದುರೆಗಳು ಕಟ್ಟಡದ ಅಳತೆಗೆ ಮೀರಿದವೆಂದು ಜನ ಆಕ್ಷೇಪಿಸಿದರು. ಅವುಗಳನ್ನು ಇಳಿಸಿ, ಕರಗಿಸುವುದೆಂದು ತೀರ್ಮಾನವಾಯಿತು.

ತಪ್ಪೆಲ್ಲವೂ ಕುದುರೆಗಳದೇ ಎಂದು ನಾವು ಒಪ್ಪಲಾರೆವು. ಕಟ್ಟಡದ ಕೆಲಸ ಆರಂಭವಾದ ಮೇಲೆ ಮುಂದಿನ ಬೀದಿಯನ್ನು ಸುಮಾರು ಒಂದು ಮೀಟರು ಎತ್ತರಿಸಿದ್ದರು. ಮನೆ ನೆಲಕ್ಕೆ ಕುಸಿದಂತೆ ಕಾಣುತ್ತದೆಂದು ಊರೇ ನಕ್ಕಿತು. ನಕ್ಷೆ ಬರೆದ ಇಬ್ಬರಲ್ಲಿ ಫಾನ್ ಡೆರ್ ನ್ಯುಲ್ 1868ರ ಏಪ್ರಿಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಜೊತೆಗಾರ ಸಿಕಾರ್ಡ್ಸ್‌ಬುರ್ಗ್ ಎರಡೇ ತಿಂಗಳಲ್ಲಿ ತೀರಿಕೊಂಡನು. 1869ರ ಮೇ ತಿಂಗಳಲ್ಲಿ ನಾಟಕಶಾಲೆ ತೆರೆದಾಗ ಅದನ್ನು ನೋಡಲು ಅವರಿಬ್ಬರೂ ಇರಲಿಲ್ಲ. ತಗ್ಗಿದ ಮನೆಯ ಮೇಲೆ ಯಾವ ಕುದುರೆ ತಾನೆ ದೊಡ್ಡದೆನಿಸದು?

ಕುಲುಮೆಯ ಬಾಯಿಂದ ಅವುಗಳನ್ನು ಉಳಿಸಿದವನು ಅಮೆರಿಕದ ಒಬ್ಬ ಶ್ರೀಮಂತ, ರಾಬರ್ಟ್ ಗ್ರಾಟ್ಜ್. ಅವನು ಅವುಗಳನ್ನು ಕೊಂಡು ಫಿಲಡೆಲ್ಫಿಯ ನಗರದ ಫೇರ್‌ಮೌಂಟ್ ಉದ್ಯಾನಕ್ಕೆ ಕೊಟ್ಟನು. 1876ರ ಶತಮಾನೋತ್ಸವ ಪ್ರದರ್ಶನಕ್ಕಾಗಿ ಕಟ್ಟಿದ ಸ್ಮಾರಕಭವನದ ಮುಂದೆ ಅವು ಇಂದಿಗೂ ನಿಂತಿವೆ. ವಿಯೆನ್ನಾದ ಮಂಟಪದ ಮೇಲೆ ಈಗಿರುವ ಕುದುರೆಗಳು ಹೇನೆಲ್ ಎಂಬ ಬೇರೊಬ್ಬ ಶಿಲ್ಪಿಯವು.

ಇಷ್ಟಾದರೂ ಪಿಲ್ಟ್ಸ್ ಉಳಿಯನ್ನು ಕೆಳಗಿಡಲಿಲ್ಲ. ವಾಸ್ತುಶಿಲ್ಪಿ ಥಿಯೋಫಿಲ್ ಹಾನ್ಸೆನ್ ಕಟ್ಟಿದ ಎಪ್‌ಸ್ಟೈನ್ ಸೌಧದ ಹೆಬ್ಬಾಗಿಲಲ್ಲಿ ಭಾರ ಹೊತ್ತು ನಿಂತ ನಾಲ್ವರು ಸ್ತ್ರೀಯರು ಇವನ ಕೃತಿ. ಅದನ್ನು ಕಟ್ಟಿಸಿದ ಸಾಹುಕಾರನ ಸಿರಿ 1873ರ ಹಣಕಾಸಿನ ಕುಸಿತದಲ್ಲಿ ಹೋಯಿತು. ಆ ಸ್ತ್ರೀಯರು ಮಾತ್ರ ಕದಲಲಿಲ್ಲ. ಪಕ್ಕದಲ್ಲಿಯೇ ಹಾನ್ಸೆನನು 1874ರಿಂದ 1883ರವರೆಗೆ ಪಾರ್ಲಿಮೆಂಟ್ ಭವನವನ್ನು ಕಟ್ಟಿದನು. ಅದರ ಮಾಡಿನ ಮೇಲೆ ಜಯದೇವತೆಯರು ನಡೆಸುವ ಎಂಟು ಕಂಚಿನ ರಥಗಳು, ರಥಕ್ಕೆ ನಾಲ್ಕರಂತೆ ಕುದುರೆಗಳು. ಎರಡು ಕುದುರೆಗಳನ್ನು ಇಳಿಸಿದ ಅದೇ ಬೀದಿಯಲ್ಲಿ ಪಿಲ್ಟ್ಸ್ ಮೂವತ್ತೆರಡನ್ನು ಮೇಲೇರಿಸಿದನು. ಅವುಗಳನ್ನು ಯಾರೂ ಇಳಿಸಲಿಲ್ಲ. 1896ರಲ್ಲಿ ಅವನು ವಿಯೆನ್ನಾದಲ್ಲಿಯೇ ತೀರಿಕೊಂಡನು.