ಶಾಸನಕ್ಕೆ ಬಾರದ ತುತ್ತು

ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕರಿಸಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ೬ ಮತ್ತು ೭ನೆಯ ಸಂಪುಟಗಳು ಬಹುದಿನಗಳಿಂದ ನನ್ನ ಮೇಜಿನ ಮೇಲಿವೆ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಒಂದರಲ್ಲಿ. ನಾಗಮಂಗಲ ಮತ್ತು ಅದರ ನೆರೆಯ ತಾಲ್ಲೂಕುಗಳವು ಇನ್ನೊಂದರಲ್ಲಿ. ತರಗತಿಯಲ್ಲಿ ಹಳಗನ್ನಡ ಹೇಳುವ ನನ್ನಂಥವನಿಗೆ ಇವು ಪಠ್ಯಪುಸ್ತಕಗಳಷ್ಟೇ ಬೇಕಾದವು. ದೇವರ ಅಮೃತಪಡಿಗೆ ಇಷ್ಟು ಗದ್ದೆ, ನಂದಾದೀವಿಗೆಗೆ ಇಷ್ಟು ಎಣ್ಣೆ, ಪೂಜೆ ಮಾಡುವವನಿಗೆ ಇಷ್ಟು ಬೆದ್ದಲು ಎಂದು ಕಲ್ಲು ಕಡೆದವನು ಒಂದು ಕೊಳಗವನ್ನೂ ಬಿಡದೆ ಲೆಕ್ಕ ಬರೆದಿದ್ದಾನೆ. ದೇವರು ಏನು ಉಂಡನೆಂಬುದು ಎಂಟುನೂರು ವರ್ಷಗಳ ಮೇಲೂ ನಮಗೆ ತಿಳಿಯುತ್ತದೆ. ಆದರೆ ಅದೇ ಊರಿನ ಆರು ತಿಂಗಳ ಕೂಸು ಮೊದಲ ತುತ್ತಾಗಿ ಏನು ಉಂಡಿತು?

ಕೂಸಿನ ತುತ್ತಿಗೆ ದತ್ತಿ ಬಿಟ್ಟ ಶಾಸನ ನನ್ನ ಕಣ್ಣಿಗೆ ಬಿದ್ದಿಲ್ಲ. ಬೀಳಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಅದು ಮನೆಯೊಳಗಿನ ದತ್ತಿ, ಕೊಡುವವಳು ಹೆಂಗಸು, ಅವಳ ಬಳಿ ಕಲ್ಲೂ ಇಲ್ಲ, ಕಲ್ಲುಕುಟಿಗನೂ ಇಲ್ಲ. ಆದರೂ ತಾಯಹಾಲಿನಿಂದ ಅನ್ನಕ್ಕೆ ದಾಟುವ ಆ ಕೆಲವು ತಿಂಗಳುಗಳಲ್ಲಿ ಎಷ್ಟು ಮಕ್ಕಳು ಉಳಿದರು, ಎಷ್ಟು ಮಕ್ಕಳು ಹೋದರು ಎಂಬುದರ ಮೇಲೆಯೇ ಊರು ಬೆಳೆಯುವುದೂ ಬರಿದಾಗುವುದೂ ನಿಂತಿತ್ತಲ್ಲವೆ? ಆದಕಾರಣ ಕಲ್ಲನ್ನು ಬಿಟ್ಟು ಗ್ರಂಥವನ್ನೂ ಹೊಲವನ್ನೂ ಒಲೆಯನ್ನೂ ಕೇಳಿ ನೋಡೋಣವೆಂದು ಹೊರಟೆ.

ಮೊದಲು ಗ್ರಂಥದ ಮಾತು. ಗೃಹ್ಯಸೂತ್ರಗಳೂ ಮನುಸ್ಮೃತಿಯೂ ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನು ಹೇಳುತ್ತವೆ. ಆಶ್ವಲಾಯನ ಗೃಹ್ಯಸೂತ್ರವು ತಂದೆಯ ಅಪೇಕ್ಷೆಗೆ ತಕ್ಕಂತೆ ಆಡಿನ ಮಾಂಸ, ತಿತ್ತಿರಿ ಹಕ್ಕಿಯ ಮಾಂಸ, ತುಪ್ಪದ ಅನ್ನ ಇವುಗಳನ್ನು ವಿಧಿಸಿ, ಮೊಸರು ಜೇನು ತುಪ್ಪ ಬೆರೆಸಿದ ಅನ್ನವನ್ನು ಉಣ್ಣಿಸಬೇಕೆನ್ನುತ್ತದೆ. ಸುಶ್ರುತನು ವೈದ್ಯ, ಅವನಿಗೆ ಅಪೇಕ್ಷೆಗಿಂತ ಜಠರ ಮುಖ್ಯ. ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನ ಕೊಡು ಎಂದಷ್ಟೇ ಹೇಳಿ ಮುಗಿಸುತ್ತಾನೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆಯಾದರೋ ಆರನೆಯ ತಿಂಗಳಿಗೆ ಹಣ್ಣನ್ನೂ ಹತ್ತನೆಯ ತಿಂಗಳಿಗೆ ಧಾನ್ಯವನ್ನೂ ಇಡುತ್ತದೆ. ಆರು ತಿಂಗಳು ತುಂಬುವವರೆಗೆ ತಾಯಹಾಲು ಮಾತ್ರ, ಅನಂತರ ಹಾಲಿನೊಡನೆ ಬೇರೆ ಆಹಾರ ಎಂಬ ನಿಯಮವನ್ನು ೨೦೦೧ರಲ್ಲಿ ವಿಶ್ವ ಆರೋಗ್ಯ ಸಭೆಯು ಒಪ್ಪಿತು. ಹಳಬರು ಹತ್ತಿರಕ್ಕೆ ಬಂದಿದ್ದರೆನ್ನಬೇಕು. ಜೇನಿನ ವಿಷಯದಲ್ಲಿ ಮಾತ್ರ ಅವರನ್ನು ಅನುಸರಿಸುವಂತಿಲ್ಲ. ಜೇನಿನಲ್ಲಿ ಅಡಗಿರಬಹುದಾದ ಒಂದು ರೋಗಾಣು ಎಳೆಯ ಕರುಳಿನಲ್ಲಿ ವಿಷ ಹುಟ್ಟಿಸಬಲ್ಲದೆಂದು ವೈದ್ಯರು ಒಂದು ವರ್ಷ ತುಂಬುವ ತನಕ ಅದನ್ನು ನಿಷೇಧಿಸುತ್ತಾರೆ.

ಇನ್ನು ಹೊಲ. ಗ್ರಂಥದ ಅನ್ನವೆಂದರೆ ಅಕ್ಕಿಯ ಅನ್ನ. ಈ ನಾಲ್ಕು ತಾಲ್ಲೂಕುಗಳಲ್ಲಿ ಅಕ್ಕಿ ಯಾರ ಮನೆಯಲ್ಲಿತ್ತು? ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಹಳೆಯ ನಾಲೆಗಳಿವೆ. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇಂದಿಗೂ ಹರಿಯುತ್ತಿದೆ. ಹಿಂದೆ ಅತ್ತಿಗುಪ್ಪೆಯೆನಿಸಿದ್ದ ಕೃಷ್ಣರಾಜಪೇಟೆಗೆ ಹೇಮಾವತಿಯ ಅಣೆಕಟ್ಟೆಗಳ ನೀರಿದೆ. ಅಲ್ಲಿ ಗದ್ದೆಯುಂಟು, ಅಕ್ಕಿಯುಂಟು. ನಾಲೆಯ ನೀರು ಮುಟ್ಟದ ಕಡೆಗಳಲ್ಲಿ, ನಾಗಮಂಗಲದ ಕಲ್ಲುನೆಲದಲ್ಲಂತೂ, ಕೆರೆಯ ಕೆಳಗೆ ನಾಲ್ಕು ಗದ್ದೆ ಕಂಡರೆ ಅದೇ ಭಾಗ್ಯ. ಮಿಕ್ಕದ್ದೆಲ್ಲ ಬೆದ್ದಲು, ಬೆದ್ದಲೆಂದರೆ ರಾಗಿ. ೧೮೦೦ರಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಬಂದು ಈ ಸೀಮೆಯನ್ನು ಸುತ್ತಿದಾಗ, ಬೆದ್ದಲು ಬೆಳೆಗಳಲ್ಲೆಲ್ಲ ರಾಗಿಯೇ ಮುಖ್ಯವಾದದ್ದೆಂದೂ ಬಡವರ ನಿತ್ಯದ ಆಹಾರ ಅದೇ ಎಂದೂ ಬರೆದುಕೊಂಡನು. ನಮ್ಮ ಕಡೆ ‘ಹಿಟ್ಟು’ ಎಂದರೆ ಮುದ್ದೆಯೆಂದೇ ಅರ್ಥ, ‘ಹಿಟ್ಟು ಉಂಡೆಯಾ?’ ಎಂಬುದೇ ಕುಶಲಪ್ರಶ್ನೆ.

ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ವಾಚಕರು ಬಲ್ಲರು. ಅಕ್ಕಿ ತನ್ನ ಕುಲದ ಹೆಮ್ಮೆ ಹೇಳಿಕೊಳ್ಳುತ್ತದೆ. ರಾಗಿ ಎದುರುತ್ತರ ಕೊಡುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಕೆಡದೆ ಹೊರಬಂದದ್ದು ರಾಗಿ. ಅದು ಕವಿಯ ಕಲ್ಪನೆ ಮಾತ್ರವಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲವೆಂಬುದು ರೈತನ ಅನುಭವ. ಆದರೂ ಮಂಗಳಕಾರ್ಯದಲ್ಲಿ ರಾಗಿಗೆ ಮಣೆಯಿಲ್ಲ. ಕೂಸಿಗೆ ಅನ್ನ ಮುಟ್ಟಿಸುವ ದಿನ ರಾಗಿಯ ಮನೆಯವರೂ ಒಂದು ಹಿಡಿ ಅಕ್ಕಿ ಹೊಂದಿಸಿ ಪಾಯಸ ಮಾಡುತ್ತಿದ್ದರು. ಹಬ್ಬದ ತುತ್ತು ಅಕ್ಕಿಯದು. ಮಾರನೆಯ ದಿನದಿಂದ ಮಗುವನ್ನು ಬೆಳೆಸುವ ತುತ್ತು ರಾಗಿಯದು. ಮೊದಲನೆಯದಕ್ಕೆ ಮಂತ್ರವಿತ್ತು. ಎರಡನೆಯದಕ್ಕೆ ಇದ್ದದ್ದು ‘ಸರಿ’ ಎಂಬ ಎರಡಕ್ಷರದ ಹೆಸರು ಮಾತ್ರ.

ಹೀಗೆ ಒಲೆಯ ಬಳಿಗೆ ಬಂದೆ. ನಮ್ಮ ತಂದೆಯ ತಾಯಿ ನಾಗಮಂಗಲ ತಾಲ್ಲೂಕಿನ ಹಳ್ಳಿಯವರು. ಅವರು ಸರಿ ಮಾಡುವುದನ್ನು ನಾನು ಹುಡುಗನಾಗಿ ಎಷ್ಟೋ ಸಲ ನೋಡಿದ್ದೇನೆ. ರಾಗಿಯನ್ನು ಕೇರಿ, ಕಲ್ಲು ಗಾಲಿಸಿ ತೆಗೆದು, ಒಂದು ರಾತ್ರಿ ನೆನೆಹಾಕುವರು. ನೀರು ಬಸಿದು ಒದ್ದೆಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಮೂಲೆಯಲ್ಲಿಡುವರು. ಒಂದೆರಡು ದಿನಕ್ಕೆ ಬಟ್ಟೆಯ ಕಣ್ಣುಗಳಿಂದ ಬಿಳಿಯ ಮೊಳಕೆ ಇಣಿಕುವುದು. ಅದನ್ನು ಚಾಪೆಯ ಮೇಲೆ ಹರವಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯ ಎಳೆಗಳನ್ನು ಮೊರದಲ್ಲಿ ಹಾರಿಸುವರು. ಆಮೇಲೆ ಹಂಚಿನ ಮೇಲೆ ಬೆಚ್ಚಗೆ ಮಾಡುವುದು. ಇಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ. ‘ಕಮರಿದ್ರೆ ಹೋಯ್ತು’ ಎನ್ನುತ್ತಿದ್ದರು. ಕೊನೆಗೆ ಬೀಸಿ, ತೆಳುಬಟ್ಟೆಯಲ್ಲಿ ಸೋಸಿದರೆ ನುಣುಪಾದ ಹಿಟ್ಟು. ಅದನ್ನು ನೀರಿನಲ್ಲಿ ಕದಡಿ ಕುದಿಸಿ, ಚಿಟಿಕೆ ಬೆಲ್ಲ, ತೊಟ್ಟು ತುಪ್ಪ ಬೆರೆಸಿ ಕೊಡುವುದು. ನೆನೆಹಾಕಿದಂದಿನಿಂದ ಲೆಕ್ಕ ಹಿಡಿದರೆ ನಾಲ್ಕೈದು ದಿನಗಳ ಕೆಲಸ.

ಇಷ್ಟೊಂದು ಶ್ರಮ ಏಕೆ, ಮನೆಯಲ್ಲಿ ಬೀಸಿಟ್ಟ ರಾಗಿಹಿಟ್ಟನ್ನೇ ಕುದಿಸಬಾರದೆ ಎಂದು ಕೇಳಿದ್ದಕ್ಕೆ ಅಜ್ಜಿ ‘ಅದು ಕೂಸಿನ ಹೊಟ್ಟೆಗೆ ಭಾರ’ ಎಂದಷ್ಟೇ ಹೇಳಿದರು. ಈ ಉತ್ತರದ ವಿವರಣೆ ನನಗೆ ಬಹಳ ವರ್ಷಗಳ ಮೇಲೆ ದೊರೆತದ್ದು ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಒಂದು ಲೇಖನದಿಂದ. ೧೯೮೨ರಲ್ಲಿ ಎನ್. ಜಿ. ಮಳ್ಳೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಎಂಬ ವಿಜ್ಞಾನಿಗಳು ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರವೊಂದನ್ನು ಸಿದ್ಧಪಡಿಸಿದ ಬಗೆಯನ್ನು ಅದರಲ್ಲಿ ವರ್ಣಿಸಿದ್ದಾರೆ. ಸಮಸ್ಯೆ ಇದು: ಸಾಧಾರಣ ಹಿಟ್ಟು ಬಿಸಿನೀರಿನಲ್ಲಿ ಬಲು ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದನ್ನು ಕೂಸು ನುಂಗಲಾರದು. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ, ಮೈಗೆ ಹತ್ತುವುದು ಅಲ್ಪ. ಕಾಳು ಮೊಳೆತಾಗ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಆಗ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ. ಅತಿಯಾಗಿ ಹುರಿದರೆ ಆ ಕಿಣ್ವ ನಾಶವಾಗುತ್ತದೆ. ‘ಕಮರಿದ್ರೆ ಹೋಯ್ತು’ ಎಂಬ ಮಾತಿನ ಅರ್ಥ ಅಂದು ನನಗಾಯಿತು. ಇದಲ್ಲದೆ ನೂರು ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ ೧೦ರ ಸುಮಾರು.

ಲೇಖನವನ್ನು ಇಲ್ಲಿಗೆ ನಿಲ್ಲಿಸಿ, ನಮ್ಮ ಅಜ್ಜಿಯರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಮಂಗಳ ಹಾಡಿಬಿಡಬಹುದಿತ್ತು. ಹಾಗೆ ಮಾಡಲು ನನಗೆ ಮನಸ್ಸು ಒಪ್ಪದು. ನಮ್ಮ ತಂದೆಗಿಂತ ಮೊದಲು ಅಜ್ಜಿಗೆ ಒಂದು ಹೆಣ್ಣುಮಗುವಿತ್ತು. ಅದು ವರ್ಷ ತುಂಬಿ ನಾಲ್ಕು ತಿಂಗಳಿಗೆ ಹೋಯಿತು. ಮನೆಯಲ್ಲಿ ಅದರ ಮಾತು ಬರುತ್ತಿದ್ದುದೇ ಅಪರೂಪ. ಬಂದಾಗ ‘ಬಸುರಿಯ ಹಾಲು ಕುಡಿದು ಸೊರಗಿತು’ ಎಂದು ಯಾರಾದರೂ ಹೇಳಿ ಮುಗಿಸಿಬಿಡುತ್ತಿದ್ದರು. ಆ ಬಸಿರಿನಲ್ಲಿದ್ದವರು ನಮ್ಮ ತಂದೆ.

ಹೀಗೆ ಸೊರಗುವ ಮಕ್ಕಳಿಗೆ ನಮ್ಮವರು ಬಾಲಗ್ರಹವೆಂಬ ಹೆಸರಿಟ್ಟರು. ಕನ್ನಡದಲ್ಲಿ ೧೨೦೦ರ ಸುಮಾರಿಗೇ ದೇವೇಂದ್ರಮುನಿಯ ‘ಬಾಲಗ್ರಹ ಚಿಕಿತ್ಸೆ’ ಎಂಬ ಗ್ರಂಥ ಹುಟ್ಟಿತೆಂದರೆ ಈ ಭಯ ಎಷ್ಟು ಹಳೆಯದೆಂದು ಊಹಿಸಬಹುದು. ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಕೆಲಸಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ೧೯೩೫ರಲ್ಲಿ ‘ಕ್ವಾಷಿಯೋರ್ಕರ್’ ಎಂಬ ಹೆಸರನ್ನು ವೈದ್ಯಲೋಕಕ್ಕೆ ಕೊಟ್ಟರು. ಅಲ್ಲಿನ ಗಾ ಭಾಷೆಯಲ್ಲಿ ಅದರ ಭಾವ, ತಂಗಿಯೋ ತಮ್ಮನೋ ಹುಟ್ಟಿದಾಗ ಮಡಿಲು ಕಳೆದುಕೊಂಡ ಮಗುವಿಗೆ ಬರುವ ರೋಗವೆಂದು. ನಮ್ಮ ರಾಗಿಯ ತವರೂ ಆಫ್ರಿಕವೇ. ಅದರ ಪೂರ್ವಭಾಗದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದದ್ದು. ಆ ಖಂಡದ ತಾಯಂದಿರೂ ನಾಗಮಂಗಲದ ತಾಯಂದಿರೂ ಒಂದೇ ಕೇಡನ್ನು ಕಂಡಿದ್ದರು. ಕೇಡು ಬಸುರಿಯ ಹಾಲಿನಲ್ಲಿರಲಿಲ್ಲ. ಹಾಲು ತಪ್ಪಿದ ಮೇಲೆ ಅದರ ಜಾಗಕ್ಕೆ ಬಂದ ತುತ್ತಿನಲ್ಲಿತ್ತು.

ನಾನು ಒಮ್ಮೆ ಧೈರ್ಯಮಾಡಿ ಕೇಳಿದೆ: ‘ಅಜ್ಜಿ, ಆ ಮಗೀಗೆ ಸರಿ ಮಾಡ್ತಿರಲಿಲ್ವಾ?’ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ನಂಗೆ ಗೊತ್ತಿರ್ನಿಲ್ಲ ಅಂದ್ಕೊಂಡ್ಯಾ? ಗೊತ್ತಿತ್ತು ಕನಪ್ಪ. ಮೊಳ್ಕೆ ಕಟ್ಟಕ್ಕೆ ರಾಗಿ ಬೇಕಲ್ಲ. ಒಣಗಾಕಿ ಕಾಯಕ್ಕೆ ಮನೇಲಿರ್ಬೇಕಲ್ಲ.’ ಆ ವರ್ಷ ಮಳೆ ಹೋಗಿತ್ತಂತೆ. ಹಗೇವು ಬರಿದಾಗಿತ್ತು. ಅವರು ಬಸುರಿಯಾಗಿಯೇ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಮಗುವನ್ನು ನೋಡಿಕೊಳ್ಳುತ್ತಿದ್ದವಳು ನೆರೆಮನೆಯ ಎಂಟು ವರ್ಷದ ಹುಡುಗಿ. ಅವಳು ಕುಡಿಸುತ್ತಿದ್ದುದು ನೀರಂಬಲಿ.

ಅಂದಿನಿಂದ ಈ ಚರಿತ್ರೆಯನ್ನು ನಾನು ಬೇರೆ ರೀತಿಯಾಗಿ ಓದತೊಡಗಿದೆ. ಕಳೆದುಹೋದ ಜ್ಞಾನವೆಂದು ನಾವು ಮಾತನಾಡುತ್ತೇವೆ. ಜ್ಞಾನ ಕಳೆದಿರಲಿಲ್ಲ, ಕೊರತೆಯಾದದ್ದು ಒಂದು ಸೇರು ಕಾಳು ಮತ್ತು ನಾಲ್ಕು ದಿನಗಳ ಬಿಡುವು. ೧೮೭೬-೭೮ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿಯಿತು. ಅಂದಿನ ತಾಯಂದಿರಿಗೂ ಸರಿ ಮಾಡುವುದು ತಿಳಿದೇ ಇದ್ದೀತು.

ಅನಂತರ ನೀರು ಬಂತು. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಮುಗಿದು, ಇರ್ವಿನ್ ನಾಲೆ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿದಾಗ ಪಾಂಡವಪುರದ ಎಷ್ಟೋ ಬೆದ್ದಲು ಗದ್ದೆಯಾಯಿತು. ೧೯೩೯ರಲ್ಲಿ ಮಂಡ್ಯ ಜಿಲ್ಲೆ ಹುಟ್ಟುವ ವೇಳೆಗೆ ಕಬ್ಬು, ಭತ್ತಗಳೇ ಸೀಮೆಯ ಹೆಮ್ಮೆ. ಬಡತನ ಕೆಲವೆಡೆ ಕಡಮೆಯಾಯಿತು. ಅದನ್ನು ಲಘುವಾಗಿ ಕಾಣಬಾರದು. ಆದರೆ ಅಕ್ಕಿಯ ಜೊತೆಗೆ ಅಕ್ಕಿಯ ಅಂತಸ್ತೂ ಬಂದು, ಕೂಸಿಗೆ ರಾಗಿ ಕೊಡುವುದು ಬಡತನದ ಗುರುತಾಯಿತು. ಪೇಟೆಯಲ್ಲಿ ಡಬ್ಬಿಯೂ ಬಂತು. ೧೮೬೭ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಹಾಲು ಮತ್ತು ಗೋದಿಹಿಟ್ಟಿನಿಂದ ಮಾಡಿದ ಶಿಶು ಆಹಾರದಿಂದ ತೊಡಗಿದ ವ್ಯಾಪಾರ ಜಗತ್ತನ್ನೆಲ್ಲ ಸುತ್ತಿತು. ಮಂಡ್ಯ ಜಿಲ್ಲೆಯಾದ ಅದೇ ೧೯೩೯ರಲ್ಲಿ ಸಿಸಿಲಿ ವಿಲಿಯಮ್ಸ್ ಸಿಂಗಪುರದಲ್ಲಿ ‘ಹಾಲು ಮತ್ತು ಕೊಲೆ’ ಎಂಬ ಹೆಸರಿನ ಭಾಷಣ ಮಾಡಿ, ತಾಯಹಾಲಿನ ಬದಲು ಡಬ್ಬಿಯ ಹಾಲನ್ನು ಹೊಗಳಿ ಮಾರುವವರನ್ನು ಖಂಡಿಸಿದರು. ನಮ್ಮ ದೇಶದಲ್ಲಿ ೧೯೯೨ರ ಕಾಯಿದೆ ಮತ್ತು ೨೦೦೩ರ ಅದರ ತಿದ್ದುಪಡಿ ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಗಳ ಜಾಹೀರಾತನ್ನು ನಿಷೇಧಿಸಿವೆ.

ಒಂದು ವಿನೋದವೂ ಉಂಟು. ನಾಲೆಯ ಬೇಸಾಯಕ್ಕೆಂದು ೧೯೩೧ರಲ್ಲಿ ಮಂಡ್ಯದಲ್ಲಿ ತೆರೆದ, ಈಗ ವಿ. ಸಿ. ಫಾರಂ ಎನ್ನುವ ಕ್ಷೇತ್ರದಲ್ಲಿಯೇ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ಅಕ್ಕಿಗೆಂದು ಕಟ್ಟಿದ ಮನೆಯಲ್ಲಿ ರಾಗಿಗೆ ಹೊಸ ಜನ್ಮ ದೊರೆಯಿತು.

೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಅಂಗನವಾಡಿಯ ಯೋಜನೆ ೩೩ ಕಡೆಗಳಲ್ಲಿ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಸ್ಥಳ ನಮ್ಮ ನೆರೆಯ ತಿರುಮಕೂಡಲು ನರಸೀಪುರ. ಇಂದು ಅಂಗನವಾಡಿಯಿಂದ ಆರು ತಿಂಗಳು ದಾಟಿದ ಕೂಸಿನ ಮನೆಗೆ ಪೌಷ್ಟಿಕ ಹಿಟ್ಟಿನ ಪೊಟ್ಟಣ ಹೋಗುತ್ತದೆ. ಅದರ ರುಚಿಯನ್ನು ಹಳಿಯುವವರನ್ನು ಕಂಡಿದ್ದೇನೆ. ಆದರೆ ಕೂಲಿಗೆ ಹೋಗುವ ತಾಯಿಗೆ ಯಾರೋ ನಾಲ್ಕು ದಿನಗಳ ಕೆಲಸವನ್ನು ಮಾಡಿ ಕೊಟ್ಟಂತಾಯಿತೆಂದು ನನಗೆ ತೋರುತ್ತದೆ. ಕಲ್ಲಿನ ಮೇಲಿಲ್ಲದ ದತ್ತಿ ಸರಕಾರದ ಕಡತದಲ್ಲಾದರೂ ಬಂದಿತು. ಕೆಲಸ ಮುಗಿದಿದೆಯೆಂದಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ೬ರಿಂದ ೨೩ ತಿಂಗಳ ಮಕ್ಕಳ ಪೈಕಿ ಸಾಕಷ್ಟು ಬಗೆಯ ಆಹಾರವನ್ನು ಸಾಕಷ್ಟು ಸಲ ಪಡೆಯುತ್ತಿದ್ದವರು ನೂರಕ್ಕೆ ೧೧.೩ ಮಾತ್ರ.

ನಮ್ಮ ಮಗಳಿಗೆ ಆರು ತಿಂಗಳು ತುಂಬಿದಾಗ ಶ್ರೀರಂಗಪಟ್ಟಣದ ನಮ್ಮ ಅತ್ತೆಯವರು, ಗದ್ದೆಸೀಮೆಯ ಮನೆತನದವರು, ರಂಗನಾಥಸ್ವಾಮಿಯ ಸನ್ನಿಧಿಯಲ್ಲಿ ಅಕ್ಕಿಯ ಪಾಯಸ ಮುಟ್ಟಿಸಿದರು. ಮರುದಿನ ನಾಗಮಂಗಲದಿಂದ ಅಜ್ಜಿ ಬಂದರು. ಆಗ ಅವರಿಗೆ ಎಂಬತ್ತೈದು ದಾಟಿತ್ತು. ಸೆರಗಿನ ಗಂಟಿನಿಂದ ಸರಿಹಿಟ್ಟಿನ ಪೊಟ್ಟಣ ತೆಗೆದರು. ಅತ್ತೆಯವರು ಏನಾದರೂ ಅನ್ನುವರೇನೋ ಎಂದು ನಾನು ಅಂಜಿದ್ದೆ. ಅವರು ‘ಸ್ವಲ್ಪ ಹೆಸರುಬೇಳೆ ಹುರಿದು ಬೆರೆಸಿದರೆ ಹೇಗಮ್ಮ?’ ಎಂದರು. ಅಜ್ಜಿ ಒಪ್ಪಿದರು. ಮಗಳು ಮೊದಲ ತುತ್ತನ್ನು ಉಗಿದಳು, ಎರಡನೆಯದನ್ನು ನುಂಗಿದಳು. ಬಟ್ಟಲು ಬರಿದಾಗುವವರೆಗೂ ಅಜ್ಜಿ ಅಲ್ಲಿಂದ ಏಳಲಿಲ್ಲ. ಎದ್ದಾಗ ಬಟ್ಟಲನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ, ಯಾರಿಗೂ ಏನೂ ಹೇಳದೆ ತೊಳೆಯಲು ಒಳಕ್ಕೆ ಹೋದರು.