ಹುಡುಗ ಸುಲ್ತಾನರು ದೊಡ್ಡವರಾದದ್ದು ಎಂದು?

ಮನುಷ್ಯ ದೊಡ್ಡವನಾಗುವುದು ಯಾವಾಗ? ಕಾನೂನನ್ನು ಕೇಳಿದರೆ ಉತ್ತರ ಸುಲಭ. 1875ರ ಪ್ರಾಪ್ತವಯಸ್ಸಿನ ಕಾಯ್ದೆಯ ಪ್ರಕಾರ 18 ತುಂಬಿದ ದಿನ. ಮತ ಹಾಕುವ ಹಕ್ಕು ಮಾತ್ರ ಬಹುಕಾಲ 21ಕ್ಕೇ ನಿಂತಿತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದಾಗಿ 1989ರಲ್ಲಿ ಅದೂ 18ಕ್ಕೆ ಇಳಿಯಿತು. ಆದರೆ ವಿಜಯಪುರ ಸೀಮೆಯ ಮನೆಗಳಲ್ಲಿ ವಯಸ್ಸಿನ ಲೆಕ್ಕ ಹಿಡಿದು ಯಾರೂ ಮಾತನಾಡುವುದಿಲ್ಲ. ‘ಮಗ ಕೈಗೆ ಬಂದಾನ’ ಎನ್ನುತ್ತಾರೆ. ಹೊಲ, ಮನೆ, ಸಾಲ, ತಂಗಿಯ ಮದುವೆ ಇವುಗಳ ಭಾರಕ್ಕೆ ಹೆಗಲು ಕೊಟ್ಟವನು ಕೈಗೆ ಬಂದವನು. ಕೆಲವರು ಹದಿನಾರಕ್ಕೇ ಕೈಗೆ ಬರುತ್ತಾರೆ, ಕೆಲವರು ಮೂವತ್ತಾದರೂ ಬರುವುದಿಲ್ಲ.

ಈ ಪ್ರಶ್ನೆ ಒಂದು ಮನೆಯದಾಗದೆ ಇಡೀ ರಾಜ್ಯದ ಪ್ರಶ್ನೆಯಾದರೆ ಏನಾಗುತ್ತದೆ? ವಿಜಯಪುರದ ಇತಿಹಾಸ ಇದಕ್ಕೆ ಒಂದಲ್ಲ, ಹಲವು ಉದಾಹರಣೆಗಳನ್ನು ಕೊಡುತ್ತದೆ. 1490ರಿಂದ 1686ರವರೆಗೆ ಇಲ್ಲಿ ಆಳಿದ ಒಂಬತ್ತು ಮಂದಿ ಆದಿಲ್‌ಶಾಹಿ ಸುಲ್ತಾನರಲ್ಲಿ ಮೂವರು ಪಟ್ಟಕ್ಕೆ ಬಂದಾಗ ಇನ್ನೂ ಮಕ್ಕಳು. ಇನ್ನೊಬ್ಬ, ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್, 1627ರಲ್ಲಿ ಪಟ್ಟವೇರಿದಾಗ ಹದಿನೈದರ ಆಸುಪಾಸಿನವನು. ಸಿಂಹಾಸನದ ಮೇಲೆ ಹುಡುಗ, ಅದರ ಪಕ್ಕದಲ್ಲಿ ರಾಜಪ್ರತಿನಿಧಿ. ಈ ಚಿತ್ರ ಬಿಜಾಪುರದ ದರಬಾರಿಗೆ ಹೊಸದಾಗಿರಲಿಲ್ಲ.

ಧರ್ಮಗ್ರಂಥಗಳು ಹೇಳುವುದೇನು?

ಬಾಲ್ಯ ಮುಗಿಯುವ ಗಡಿಯನ್ನು ಹಳೆಯ ಶಾಸ್ತ್ರಗಳೂ ಗುರುತಿಸಿದ್ದವು. ಧರ್ಮಶಾಸ್ತ್ರಗಳಲ್ಲಿ ಸಾಮಾನ್ಯವಾಗಿ ಹದಿನಾರನೆಯ ವರ್ಷದ ಮಾತು ಬರುತ್ತದೆ. ಇಸ್ಲಾಮಿನ ಶಾಸ್ತ್ರಕಾರರಲ್ಲಿ ಹೆಚ್ಚಿನವರು ದೇಹ ಪ್ರೌಢವಾದಾಗ, ಆ ಲಕ್ಷಣ ಕಾಣದಿದ್ದರೆ ಹದಿನೈದಕ್ಕೆ, ಎಂದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ತಬ್ಬಲಿ ಮಕ್ಕಳ ಆಸ್ತಿಯನ್ನು ಅವರ ಕೈಗೆ ಒಪ್ಪಿಸುವ ಮುನ್ನ ಅವರನ್ನು ಪರೀಕ್ಷಿಸಿ, ತಿಳಿವಳಿಕೆ ಬಂದದ್ದು ಖಚಿತವಾದ ಮೇಲೆ ಒಪ್ಪಿಸಬೇಕೆಂದು ಕುರಾನ್ ವಿಧಿಸುತ್ತದೆ. ಈ ತಿಳಿವಳಿಕೆಗೆ ಶಾಸ್ತ್ರದಲ್ಲಿ ‘ರುಶ್ದ್’ ಎಂಬ ಬೇರೆಯೇ ಹೆಸರಿದೆ. ಅಂದರೆ ದೇಹ ಬೆಳೆಯುವುದು ಒಂದು, ಬುದ್ಧಿ ಬಲಿಯುವುದು ಇನ್ನೊಂದು.

ತೊಡಕು ಇರುವುದು ಇಲ್ಲಿಯೇ. ತಬ್ಬಲಿ ಹುಡುಗನ ಆಸ್ತಿ ಒಂದು ರಾಜ್ಯವೇ ಆಗಿದ್ದರೆ ಪರೀಕ್ಷೆ ಮಾಡುವವರು ಯಾರು? ಅದನ್ನು ನೋಡಿಕೊಳ್ಳುತ್ತಿರುವ ರಾಜಪ್ರತಿನಿಧಿಯೇ. ಹುಡುಗ ದೊಡ್ಡವನಾದ ಎಂದು ಒಪ್ಪಿಕೊಂಡ ದಿನ ಅವನ ಅಧಿಕಾರ ಹೋಗುತ್ತದೆ. ಹೀಗಿರುವಾಗ ಒಪ್ಪಿಕೊಳ್ಳುವವರು ವಿರಳ.

ವಂಶದ ಎರಡನೆಯ ಸುಲ್ತಾನ ಇಸ್ಮಾಯಿಲನ ಕಾಲದಲ್ಲೇ ಇದು ಕಂಡಿತು. 1510ರಲ್ಲಿ ಯೂಸುಫ್ ತೀರಿಕೊಂಡಾಗ ಮಗ ಇಸ್ಮಾಯಿಲ್ ಚಿಕ್ಕವನು. ರಾಜಪ್ರತಿನಿಧಿ ಕಮಾಲ್ ಖಾನ್ ಮರುವರ್ಷವೇ ಸಿಂಹಾಸನಕ್ಕೆ ಕಣ್ಣು ಹಾಕಿದ. ಹುಡುಗನನ್ನು ಉಳಿಸಿದವರು ಅಂತಃಪುರದ ಹೆಂಗಸರು. ತಾಯಿಯ ಉಪಾಯದಿಂದ ಕಮಾಲ್ ಖಾನ್ ಕೊಲೆಯಾದ. ಅವನ ಮಗ ಅರಮನೆಗೆ ಮುತ್ತಿಗೆ ಹಾಕಿದಾಗ ಸೋದರತ್ತೆ ದಿಲ್ಶಾದ್ ಆಗಾ ಕವಚ ತೊಟ್ಟು ನಿಂತಳೆಂದೂ, ಗೋಡೆಯ ಮೇಲಿಂದ ಕಲ್ಲು ಉರುಳಿಸಿ ಅವನನ್ನು ಕೊಂದವನು ಇಸ್ಮಾಯಿಲನೇ ಎಂದೂ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ.

ಒಂಬತ್ತರ ಬಾಲಕ, ನಾಲ್ವರು ಪಾಲಕರು

1580ರಲ್ಲಿ ಒಂದನೇ ಅಲಿ ಆದಿಲ್‌ಶಹಾ ಕೊಲೆಯಾದ. ಅವನಿಗೆ ಗಂಡುಮಕ್ಕಳಿರಲಿಲ್ಲ. ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹಿಂನಿಗೆ ಪಟ್ಟವಾಯಿತು. ಹುಡುಗನನ್ನು ಬೆಳೆಸುವ, ಓದಿಸುವ ಹೊಣೆ ಅಲಿಯ ವಿಧವೆ ಚಾಂದ್‌ಬೀಬಿಯದು. ಆಡಳಿತದ ಹೊಣೆ ಕಾಮಿಲ್ ಖಾನನದು.

ಮುಂದಿನ ಎರಡು ವರ್ಷಗಳಲ್ಲಿ ರಾಜಪ್ರತಿನಿಧಿಗಳು ಒಬ್ಬರ ಹಿಂದೆ ಒಬ್ಬರು ಬದಲಾದರು. ಚಾಂದ್‌ಬೀಬಿಯನ್ನು ಕಡೆಗಣಿಸಿದ ಕಾಮಿಲ್ ಖಾನನನ್ನು ಕಿಶ್ವರ್ ಖಾನ್ ಕೆಡವಿದ. ಕಿಶ್ವರ್ ಖಾನನು ಚಾಂದ್‌ಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಜನ ತಿರುಗಿಬಿದ್ದಾಗ ಊರು ಬಿಟ್ಟು ಓಡಿ, ಗೋಲ್ಕೊಂಡದ ಸೀಮೆಯಲ್ಲಿ ಸತ್ತ. ನಂತರ ಬಂದವನು ಹಬಶಿ ಸರದಾರ ಇಖ್ಲಾಸ್ ಖಾನ್. ಅವನ ಕಣ್ಣು ಕೀಳಿಸಿ 1582ರಲ್ಲಿ ಅಧಿಕಾರ ಹಿಡಿದವನು ಇನ್ನೊಬ್ಬ ಹಬಶಿ, ದಿಲಾವರ್ ಖಾನ್. ಇವನು ಎಂಟು ವರ್ಷ ಅಲುಗಲಿಲ್ಲ. 1584ರಲ್ಲಿ ಚಾಂದ್‌ಬೀಬಿ ತವರಾದ ಅಹ್ಮದ್‌ನಗರಕ್ಕೆ ಹೋದಳು. ಹುಡುಗನ ಬಳಿ ಉಳಿದವನು ದಿಲಾವರ್ ಖಾನ್ ಒಬ್ಬನೇ.

ದಿಲಾವರ್ ಖಾನ್ ಅಸಮರ್ಥನೇನಲ್ಲ. ರಾಜ್ಯದಲ್ಲಿ ಶಿಸ್ತು ತಂದ. ಆದರೆ ಹತ್ತೊಂಬತ್ತರ ಹೊತ್ತಿಗೂ ಸುಲ್ತಾನ ಅವನ ಅಪ್ಪಣೆಯಿಲ್ಲದೆ ಒಂದು ಹೆಜ್ಜೆ ಇಡುವಂತಿರಲಿಲ್ಲ. ಮೊಹರು ಇಬ್ರಾಹಿಂನದು, ಮಾತು ಮಾತ್ರ ದಿಲಾವರ್ ಖಾನನದು.

ರಾತ್ರಿಯ ಸವಾರಿ

1590ರಲ್ಲಿ ಅಹ್ಮದ್‌ನಗರದ ಮೇಲೆ ದಂಡು ಹೊರಟಿತು. ಸುಲ್ತಾನನೂ ಜೊತೆಗಿದ್ದ. ಅವನು ಬೇಡವೆಂದರೂ ಕೇಳದೆ ದಿಲಾವರ್ ಖಾನ್ ಯುದ್ಧಕ್ಕೆ ನುಗ್ಗಿ, ಧಾರಾಶಿವದ ಬಳಿ ಸೋತು ಬಂದ. ಸೋಲಿನ ಹೊಣೆ ಮಾತ್ರ ಸುಲ್ತಾನನ ಹೆಸರಿಗೇ.

ಆಗ ಇಬ್ರಾಹಿಂ ಒಂದು ನಿರ್ಧಾರ ಮಾಡಿದ. ಯಾರ ಕಣ್ಣಿಗೂ ಬೀಳದ ಸಾಮಾನ್ಯ ಸೇವಕರ ಮೂಲಕ ಸರದಾರ ಐನ್-ಉಲ್-ಮುಲ್ಕನಿಗೆ ಗುಟ್ಟಾಗಿ ಸಂದೇಶ ಕಳಿಸಿದ. ಒಂದು ರಾತ್ರಿ ತನ್ನ ಡೇರೆಯಿಂದ ಹೊರಬಿದ್ದು, ಕುದುರೆ ಏರಿ ಆ ಸರದಾರನ ಬಿಡಾರ ಸೇರಿದ. ಬೆಳಗಾದಾಗ ದಿಲಾವರ್ ಖಾನ್ ಸೈನ್ಯದೊಂದಿಗೆ ಬಂದ. ಹುಡುಗನನ್ನು ಎಂದಿನಂತೆ ಗದರಿಸಿ ಕರೆದೊಯ್ಯಬಹುದೆಂದು ಅವನ ಎಣಿಕೆ. ಇಬ್ರಾಹಿಂ ಅವನನ್ನು ಹೊಡೆಯಲು ಆಜ್ಞೆ ಮಾಡಿದ. ದಿಲಾವರ್ ಖಾನನ ಹಿಂದೆ ಬಂದಿದ್ದ ಪಡೆ ಕರಗಿತು. ಹಳೆಯ ಯಜಮಾನ ಅಹ್ಮದ್‌ನಗರಕ್ಕೆ ಓಡಿಹೋದ.

ಎರಡನೇ ಇಬ್ರಾಹಿಂ ಪಟ್ಟಕ್ಕೆ ಬಂದದ್ದು 1580ರಲ್ಲಿ. ಸುಲ್ತಾನನಾದದ್ದು ಆ ರಾತ್ರಿ. ಇವೆರಡರ ನಡುವಿನ ಹತ್ತು ವರ್ಷಗಳನ್ನು ಯಾವ ಶಾಸ್ತ್ರವೂ ತಾನಾಗಿ ಮುಗಿಸಿಕೊಡಲಿಲ್ಲ. ಹದಿನೈದು ಬಂದು ಹೋಯಿತು, ಹದಿನಾರೂ ಹೋಯಿತು, ಹದಿನೆಂಟೂ ಹೋಯಿತು. ಅವನೇ ಎದ್ದು ಹೊರಟಾಗ ಮಾತ್ರ ಬಾಗಿಲು ತೆರೆಯಿತು.

ದೊಡ್ಡವನಾಗುವುದರ ಕಹಿಯೂ ಬೇಗ ಬಂತು. ನಾಲ್ಕೇ ವರ್ಷಗಳಲ್ಲಿ ಬೆಳಗಾವಿ ಕೋಟೆಯಲ್ಲಿದ್ದ ತಮ್ಮ ಇಸ್ಮಾಯಿಲ್ ದಂಗೆಯೆದ್ದ. ಅಂದು ರಾತ್ರಿ ಆಶ್ರಯ ಕೊಟ್ಟಿದ್ದ ಐನ್-ಉಲ್-ಮುಲ್ಕನೇ ದಂಗೆಕೋರರ ಪಕ್ಷ ಸೇರಿದ. ಇಬ್ಬರೂ ಪ್ರಾಣ ಕಳೆದುಕೊಂಡರು. ಈ ಬಾರಿಯ ಆಜ್ಞೆಗಳಿಗೆ ಇನ್ನೊಬ್ಬರನ್ನು ಹೊಣೆ ಮಾಡಲು ಇಬ್ರಾಹಿಂನಿಗೆ ಸಾಧ್ಯವಿರಲಿಲ್ಲ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ‘ಜಗದ್ಗುರು’ ಎನಿಸಿಕೊಂಡ ಈ ಸುಲ್ತಾನ ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ರಚಿಸಿದ. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ. ತಿಕೋಟಾಕ್ಕೆ ಹೋಗುವ ದಾರಿಯ ತೊರವಿಯ ಬಳಿ 1599ರಲ್ಲಿ ನೌರಸಪುರ ಕಟ್ಟಲು ತೊಡಗಿದ. ಇಬ್ರಾಹಿಂ ರೋಜಾ ಅವನ ಕಾಲದ್ದೇ. ಫರಿಶ್ತಾ ತನ್ನ ಇತಿಹಾಸ ಬರೆದದ್ದೂ ಅವನ ಆಶ್ರಯದಲ್ಲಿ. ಮಗ ಮುಹಮ್ಮದನೂ ತಂದೆಯಂತೆ ಮೊದಲ ಎಂಟು ವರ್ಷ ಮಂತ್ರಿ ಖವಾಸ್ ಖಾನನ ನೆರಳಿನಲ್ಲಿದ್ದ. 1635ರಲ್ಲಿ ಖವಾಸ್ ಖಾನನ ಕೊಲೆಯಾದ ಮೇಲೆಯೇ ಸ್ವತಂತ್ರನಾದ. ಇಂದಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆಗಳು ಈ ಮುಹಮ್ಮದನ ಹೆಸರನ್ನು ಇಂದಿಗೂ ಉಳಿಸಿವೆ.

ನಾಲ್ಕರ ಬಾಲಕ

1672ರ ನವೆಂಬರಿನಲ್ಲಿ ಎರಡನೇ ಅಲಿ ತೀರಿಕೊಂಡಾಗ ಮಗ ಸಿಕಂದರನಿಗೆ ನಾಲ್ಕು ವರ್ಷ. ಚರಿತ್ರೆ ಮತ್ತೆ ಮೊದಲಿನಿಂದ ಶುರುವಾದಂತಿತ್ತು. ಮೊದಲು ಇನ್ನೊಬ್ಬ ಖವಾಸ್ ಖಾನ್. 1675ರಲ್ಲಿ ಅವನನ್ನು ಹಿಡಿದು ಮುಂದೆ ಕೊಲ್ಲಿಸಿದ ಬಹಲೋಲ್ ಖಾನ್. ಅವನ ನಂತರ, ಅವನ ಸೈನಿಕರ ಬಾಕಿ ಸಂಬಳ ತೀರಿಸುವ ಷರತ್ತಿನ ಮೇಲೆ 1678ರಲ್ಲಿ ಬಂದ ಸಿದ್ದಿ ಮಸೂದ್. ರಾಜಪ್ರತಿನಿಧಿಯ ಪದವಿ ಹಣ ಕೊಟ್ಟು ಕೊಳ್ಳುವ ಸರಕಾಗಿತ್ತು.

ಮೊಘಲರ ಒತ್ತಡ ಹೆಚ್ಚಿತು. ಒಪ್ಪಂದದ ಪ್ರಕಾರ ಸುಲ್ತಾನನ ಅಕ್ಕ ಶಹರ್‌ಬಾನುವನ್ನು ಔರಂಗಜೇಬನ ಮಗನಿಗೆ ಕೊಡಬೇಕಿತ್ತು. ದರಬಾರಿನಲ್ಲಿ ಎರಡು ಪಕ್ಷವಾಗಿ ಜನ ಕತ್ತಿ ಹಿರಿಯುವ ಸ್ಥಿತಿ ಬಂದಾಗ ತಾನೇ ಹೋಗುವುದಾಗಿ ಮುಂದೆ ಬಂದವಳು ಆ ಹುಡುಗಿ. 1679ರ ಜುಲೈ 1ರಂದು ಹುಟ್ಟಿದೂರು ಬಿಟ್ಟು ಮೊಘಲರ ಪಾಳೆಯಕ್ಕೆ ನಡೆದಳು. ತಮ್ಮನ ರಾಜ್ಯ ಉಳಿಯಲಿ ಎಂಬುದು ಅವಳ ಆಸೆ. ರಾಜ್ಯದ ಸರದಾರರು ಹೊರದ ಹೊರೆಯನ್ನು ಅವಳು ಹೊತ್ತಳು. ಫಲ ಮಾತ್ರ ಸಿಗಲಿಲ್ಲ.

ತಿಕೋಟಾ ತೆತ್ತ ಬೆಲೆ

ಅದೇ ವರ್ಷ ನವೆಂಬರಿನಲ್ಲಿ ಮೊಘಲ್ ಸೇನಾಪತಿ ದಿಲೇರ್ ಖಾನ್ ಬಿಜಾಪುರದ ಕೋಟೆ ಬಿಟ್ಟು ಪಶ್ಚಿಮಕ್ಕೆ ತಿರುಗಿದ. ಮೊದಲು ಸಿಕ್ಕಿದ್ದು ತಿಕೋಟಾ. ಶ್ರೀಮಂತ ಊರು, ಸುತ್ತಲಿನ ಉಳ್ಳವರೂ ಆಶ್ರಯಕ್ಕೆಂದು ಅಲ್ಲಿ ಸೇರಿದ್ದರು. ದಂಡು ಬರುವುದನ್ನು ಕಂಡು ಹಿಂದೂ, ಮುಸ್ಲಿಂ ಹೆಂಗಸರು ಮಕ್ಕಳನ್ನು ಅವಚಿಕೊಂಡು ಮನೆಗಳ ಬಳಿಯ ಬಾವಿಗಳಿಗೆ ಹಾರಿದರು. ಊರು ಸೂರೆಯಾಯಿತು. ಸುಮಾರು 3,000 ಜನ ಸೆರೆಯಾದರೆಂದು ಇತಿಹಾಸಕಾರ ಜದುನಾಥ ಸರ್ಕಾರ್ ದಾಖಲಿಸಿದ್ದಾರೆ.

ಆ ದಂಡಿನಲ್ಲಿ 22 ವರ್ಷದ ಇನ್ನೊಬ್ಬ ಯುವಕನಿದ್ದ. ತಂದೆಯೊಡನೆ ಮುನಿಸಿಕೊಂಡು ಹಿಂದಿನ ವರ್ಷ ಮೊಘಲರನ್ನು ಸೇರಿದ್ದ ಶಿವಾಜಿಯ ಮಗ ಸಂಭಾಜಿ. ತಿಕೋಟಾದಿಂದ ದಂಡು ಅಥಣಿಗೆ ಹೋಯಿತು. ಅಲ್ಲಿಯ ಜನರನ್ನು ಗುಲಾಮರನ್ನಾಗಿ ಮಾರುವ ಮಾತು ಬಂದಾಗ ಸಂಭಾಜಿ ವಿರೋಧಿಸಿದ. ದಿಲೇರ್ ಖಾನ್ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಸಂಭಾಜಿ ರಾತ್ರೋರಾತ್ರಿ ಪಾಳೆಯದಿಂದ ತಪ್ಪಿಸಿಕೊಂಡು ಬಿಜಾಪುರಕ್ಕೆ, ಅಲ್ಲಿಂದ ಪನ್ಹಾಳಕ್ಕೆ, ತಂದೆಯ ಬಳಿಗೆ ಮರಳಿದ.

ಇದೆಲ್ಲ ನಡೆದಾಗ ಸಿಕಂದರನಿಗೆ ಹನ್ನೊಂದು. ತಿಕೋಟಾದ ಜನ ಅವನ ಪ್ರಜೆಗಳು. ಅವರನ್ನು ಕಾಯುವ ಕೈ ಅವನದಾಗಿರಲಿಲ್ಲ. ಹುಡುಗ ರಾಜನ ರಾಜ್ಯದಲ್ಲಿ ಬೆಲೆ ತೆರುವವರು ದರಬಾರಿನವರಲ್ಲ, ಹಳ್ಳಿಯವರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತಡವಾಗಿ ಬಂದ ಪ್ರಾಯ

1683ರಲ್ಲಿ ಮಸೂದ್ ಅಧಿಕಾರ ಬಿಟ್ಟು ಆದೋನಿಗೆ ಹೋದ. ಹದಿನೈದರ ಸಿಕಂದರ್ ಈಗ ಉಳಿದ ಸರದಾರರನ್ನು ಕಟ್ಟಿಕೊಂಡು ನಿಲ್ಲಬೇಕಾಯಿತು. ಸೈನ್ಯಕ್ಕೆ ದವಸ ಒದಗಿಸು, ದಾರಿ ಬಿಡು, ಶರ್ಜಾ ಖಾನನನ್ನು ಹೊರಹಾಕು ಎಂದು ಔರಂಗಜೇಬ್ ಅಪ್ಪಣೆ ಕಳಿಸಿದ. ಹುಡುಗ ಬಗ್ಗಲಿಲ್ಲ. ಮೊಘಲ್ ಠಾಣೆಗಳನ್ನು ತೆಗೆಯಿರಿ, ವಸೂಲು ಮಾಡಿದ ಕಪ್ಪ ಮರಳಿಸಿ, ಕಿತ್ತುಕೊಂಡ ಪರಗಣೆಗಳನ್ನು ಬಿಟ್ಟುಕೊಡಿ ಎಂದು ಮರು ಬೇಡಿಕೆ ಇಟ್ಟ. ಅದು ಪಾಲಕರ ಮಾತಲ್ಲ, ಸುಲ್ತಾನನ ಮಾತು.

ಆದರೆ ಕಾಲ ಮೀರಿತ್ತು. ಇಬ್ರಾಹಿಂ ಎಚ್ಚೆತ್ತಾಗ ಅವನ ಸುತ್ತ ಇದ್ದದ್ದು ಅಹ್ಮದ್‌ನಗರ, ಗೋಲ್ಕೊಂಡಗಳಂಥ ಸಮಬಲದ ನೆರೆಯವರು. ಬೊಕ್ಕಸವಿತ್ತು, ಸೈನ್ಯವಿತ್ತು, ಚಾಂದ್‌ಬೀಬಿಯಂಥವಳು ಕೊಟ್ಟ ಶಿಕ್ಷಣವಿತ್ತು. ಸಿಕಂದರನಿಗೆ ಪಾಲಕರು ಬಿಟ್ಟುಹೋದದ್ದು ಬರಿದಾದ ಬೊಕ್ಕಸ, ಒಡೆದ ದರಬಾರು, ಸುಟ್ಟ ಹಳ್ಳಿಗಳು. ಎದುರಿಗೆ ದಖನ್ನಿಗೆ ತಾನೇ ಬಂದು ಬೀಡುಬಿಟ್ಟಿದ್ದ ಔರಂಗಜೇಬ್. 1685ರ ಏಪ್ರಿಲಿನಲ್ಲಿ ಮುತ್ತಿಗೆ ಬಿತ್ತು. ಸುಮಾರು ಹದಿನೇಳು ತಿಂಗಳು ಕೋಟೆ ತಡೆದು ನಿಂತಿತು. ಒಳಗೂ ಹೊರಗೂ ಹಸಿವಿನಿಂದ ಜನ, ಜಾನುವಾರು ಸತ್ತವು. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಶರಣಾದ. ಊರಿನ ಜನ ಬೀದಿಯಲ್ಲಿ ನಿಂತು ಅತ್ತರು.

ಅಂದು ಅವನಿಗೆ ಹದಿನೆಂಟು. ಇಂದಿನ ಕಾನೂನು ಪ್ರಾಪ್ತವಯಸ್ಕ ಎನ್ನುವ ವಯಸ್ಸು. ಆ ವಯಸ್ಸಿನಲ್ಲಿ ಅವನಿಗೆ ದಕ್ಕಿದ್ದು ‘ಖಾನ್’ ಎಂಬ ಬಿರುದು, ವರ್ಷಕ್ಕೆ ಒಂದು ಲಕ್ಷ ರೂಪಾಯಿ ವರ್ಷಾಸನ ಮತ್ತು ಸೆರೆ. ಇದಕ್ಕೆ ಹೋಲಿಸಿದರೆ ಮೈಸೂರಿನ ಚಾಮರಾಜೇಂದ್ರ ಒಡೆಯರ್ ಅದೃಷ್ಟವಂತರು. 18 ತುಂಬಿದ ಕೂಡಲೇ, 1881ರ ಮಾರ್ಚ್ 25ರಂದು, ಬ್ರಿಟಿಷರು ಮೊದಲೇ ಆಡಿದ ಮಾತಿನಂತೆ ರಾಜ್ಯ ಅವರ ಕೈಗೆ ಬಂತು. ಅಲ್ಲಿ ದಿನ ಮೊದಲೇ ಗೊತ್ತಾಗಿತ್ತು. ಬಿಜಾಪುರದಲ್ಲಿ ದಿನ ಗೊತ್ತು ಮಾಡುವವರೇ ಇರಲಿಲ್ಲ. ಪ್ರಾಯದ ಗಡಿಯನ್ನು ಕಾನೂನು ಗಟ್ಟಿಯಾಗಿ ಬರೆದಿಡುವುದರ ಉಪಯೋಗ ಇಲ್ಲಿ ಅರ್ಥವಾಗುತ್ತದೆ. ತಿಳಿವಳಿಕೆಯನ್ನು ಕಾನೂನು ಕೊಡಲಾರದು. ಆದರೆ ಪಾಲಕನು ಕೈ ಬಿಡಬೇಕಾದ ದಿನವನ್ನಾದರೂ ಹೇಳಬಲ್ಲದು.

ಸಿಕಂದರ್ 1700ರ ಏಪ್ರಿಲ್ 3ರಂದು ಸಾತಾರಾ ಬಳಿ ಔರಂಗಜೇಬನ ಪಾಳೆಯದಲ್ಲೇ ತೀರಿಕೊಂಡ. ಇನ್ನೂ 32 ತುಂಬಿರಲಿಲ್ಲ. ಅವನ ಕೊನೆಯ ಆಸೆಯಂತೆ ದೇಹವನ್ನು ಬಿಜಾಪುರಕ್ಕೆ ತಂದು ಗುರು ಶೇಖ್ ಫಹೀಮುಲ್ಲಾರ ಪಾದದ ಬಳಿ ಮಣ್ಣು ಮಾಡಿದರು. ಗುಮ್ಮಟಗಳಿಗೆ ಹೆಸರಾದ ಊರಿನಲ್ಲಿ ಕೊನೆಯ ಸುಲ್ತಾನನ ಗೋರಿಗೆ ಗುಮ್ಮಟವಿಲ್ಲ. ಬಯಲಿನಲ್ಲಿದೆ.