ಫ್ಲೋರೋಸಿಸ್ ಮತ್ತು ಪೋಷಣೆ: ಸಂಶೋಧನೆಯ ಇತಿಹಾಸ

ವರ್ಷಗಟ್ಟಲೆ ಅತಿಯಾಗಿ ದೇಹ ಸೇರಿದ ಫ್ಲೋರೈಡ್ ಹಲ್ಲು ಮತ್ತು ಮೂಳೆಗಳನ್ನು ಕೆಡಿಸುವ ರೋಗ ಫ್ಲೋರೋಸಿಸ್. ಭಾರತದಲ್ಲಿ ಇದರ ಮುಖ್ಯ ಮೂಲ ಅಂತರ್ಜಲ. ಆದರೆ ಒಂದೇ ಬಾವಿಯ ನೀರು ಕುಡಿದ ಇಬ್ಬರಲ್ಲಿ ಒಬ್ಬರ ಹಲ್ಲಿಗಷ್ಟೇ ಕಂದು ಗೆರೆ ಬಂದು, ಇನ್ನೊಬ್ಬರ ಬೆನ್ನೇ ಬಾಗುವುದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಬಾವಿಯಿಂದ ಅಡುಗೆಮನೆಗೆ ಬರಬೇಕಾಯಿತು.

ಹಲ್ಲಿನ ಕಲೆಗೆ ನೀರಿನ ಫ್ಲೋರೈಡ್ ಕಾರಣವೆಂದು 1931ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಈ ರೋಗ ಮೂಳೆಗೂ ತಗುಲಿರುವುದನ್ನು ಎಚ್.ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ವರದಿ ಮಾಡಿದರು. 1940ರಲ್ಲಿ ಸಿ.ಜಿ. ಪಂಡಿತ್ ಮತ್ತು ಜೊತೆಗಾರರು ದಕ್ಷಿಣ ಭಾರತದ ಪೀಡಿತ ಹಳ್ಳಿಗಳನ್ನು ಅಧ್ಯಯನ ಮಾಡಿ, ರೋಗದ ಉಗ್ರತೆಗೆ ಬಡತನವೂ ಆಹಾರದಲ್ಲಿನ ಸಿ ಜೀವಸತ್ವದ ಕೊರತೆಯೂ ಕಾರಣವಾಗಿರಬಹುದೆಂದರು. ಸಿ ಜೀವಸತ್ವದ ಪಾತ್ರ ಅವರು ಭಾವಿಸಿದಷ್ಟು ಖಚಿತವಾಗಿ ಉಳಿಯಲಿಲ್ಲ. ಬಡತನದ ಮಾತು ಮಾತ್ರ ಉಳಿಯಿತು. 1952ರಲ್ಲಿ ಮ್ಯಾಸ್ಲರ್ ಮತ್ತು ಶೌರ್ ಇಟಲಿಯ ಅಪೌಷ್ಟಿಕ ಮಕ್ಕಳನ್ನು ಅಮೆರಿಕದ ಪುಷ್ಟ ಮಕ್ಕಳೊಂದಿಗೆ ಹೋಲಿಸಿ ಇದೇ ದಿಕ್ಕಿನ ಫಲಿತಾಂಶ ಪಡೆದರು.

ಪೋಷಕಾಂಶಗಳಲ್ಲಿ ಹೆಚ್ಚು ಗಟ್ಟಿಯಾದ ಪುರಾವೆ ಇರುವುದು ಕ್ಯಾಲ್ಸಿಯಂಗೆ. ಬರಿಹೊಟ್ಟೆಯಲ್ಲಿ ಕುಡಿದ ನೀರಿನ ಫ್ಲೋರೈಡ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ಹಾಲಿನಂಥ ಆಹಾರ ಜೊತೆಗಿದ್ದರೆ ಅದರ ಒಂದು ಪಾಲು ಕ್ಯಾಲ್ಸಿಯಂನೊಡನೆ ಕೂಡಿ, ಕರಗದ ಲವಣವಾಗಿ ಮಲದಲ್ಲಿ ಹೊರಬೀಳುತ್ತದೆ. ಕ್ಯಾಲ್ಸಿಯಂ ಸಾಕಷ್ಟಿರುವವರಲ್ಲಿ ಫ್ಲೋರೈಡ್ ಮೂಳೆಯನ್ನು ಅತಿಯಾಗಿ ಗಡುಸಾಗಿಸಿದರೆ, ಕೊರತೆಯಿರುವ ಮಕ್ಕಳಲ್ಲಿ ಮೂಳೆ ಮೆತ್ತಗಾಗಿ ಕಾಲು ಡೊಂಕಾಗುತ್ತದೆ ಎಂಬುದನ್ನು ಮೀರತ್‌ನ ತೇವತಿಯಾ ವೈದ್ಯ ದಂಪತಿ ದೀರ್ಘಕಾಲದ ಅಧ್ಯಯನಗಳಿಂದ ತೋರಿಸಿದರು.

ಈ ಇತಿಹಾಸದ ಅತ್ಯಂತ ಜಟಿಲ ಅಧ್ಯಾಯ ನಲ್ಗೊಂಡ ಸೀಮೆಯದು. ಮಂಡಿಗಳು ಒಳಬಾಗಿ ಒಂದಕ್ಕೊಂದು ತಾಗುವ ಊನವನ್ನು ಅಲ್ಲಿನ ಹರೆಯದವರಲ್ಲಿ ಕಂಡ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ಅದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಫ್ಲೋರೈಡ್ ಅಲ್ಲಿಗೆ ಹೊಸತಲ್ಲ, ಈ ರೂಪ ಹೊಸತು. ಅನುಮಾನ ನಾಗಾರ್ಜುನಸಾಗರದತ್ತ ಹೊರಳಿತು: ಜಲಾಶಯ ತುಂಬಿದ ಮೇಲೆ ಸುತ್ತಲ ಅಂತರ್ಜಲ ಮೇಲೇರಿ, ಮಣ್ಣು ಕ್ಷಾರವಾಗಿ, ಜೋಳದ ಕಾಳಿನಲ್ಲಿ ಮಾಲಿಬ್ಡಿನಂ ಹೆಚ್ಚಿತು; ಅದು ದೇಹದ ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿ ಮೂಳೆಯನ್ನು ದುರ್ಬಲಗೊಳಿಸಿತು ಎಂಬುದು ವಾದ. ಅಕ್ಕಿಗಿಂತ ಜೋಳ ಪ್ರಧಾನವಾದ ಊಟದಲ್ಲಿ ದೇಹ ಹೆಚ್ಚು ಫ್ಲೋರೈಡನ್ನು ಉಳಿಸಿಕೊಳ್ಳುತ್ತದೆಂದು ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ 1977ರಲ್ಲಿ ತಿಳಿಸಿದರು. ಇಷ್ಟರಿಂದ ರೊಟ್ಟಿಯನ್ನು ಅಪರಾಧಿ ಮಾಡುವುದು ಸರಿಯಲ್ಲ. ಹಾಲು, ಸೊಪ್ಪು, ಬೇಳೆ ಕಾಣದ ತಟ್ಟೆಯಲ್ಲಿ ಜೋಳವೊಂದೇ ಉಳಿದದ್ದು ಅಷ್ಟೇ ಮುಖ್ಯವಾದ ಸಂಗತಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಜೋಳದಲ್ಲಿ 30ರ ಆಸುಪಾಸು.

ಅದೇ ಸಂಸ್ಥೆಯ ಖಂಡಾರೆ ಮತ್ತು ಸಂಗಡಿಗರು 2002ರಲ್ಲಿ ಶಾಲಾ ಬಾಲಕರಿಗೆ ದಿನವೂ ಹುಣಸೆಹಣ್ಣು ಕೊಟ್ಟು ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತು. ಹುಳಿ ಸಾರು ಉಣ್ಣುವ ನಾಡಿಗೆ ಇದು ಹಿತವಾದ ಸುದ್ದಿ, ಆದರೆ ಅದು ಚಿಕಿತ್ಸೆಯಲ್ಲ. ಆಹಾರ ಅಪಾಯವನ್ನು ಹೆಚ್ಚಿಸುವುದೂ ಉಂಟು: ಟಿಬೆಟ್, ಮಂಗೋಲಿಯಾಗಳಲ್ಲಿ ಬಲಿತ ಎಲೆಗಳ ಇಟ್ಟಿಗೆ ಚಹಾ, ಚೀನಾದ ಗುಯಿಝೌನಲ್ಲಿ ಕಲ್ಲಿದ್ದಲ ಹೊಗೆಗೆ ಒಣಗಿಸಿದ ಮುಸುಕಿನ ಜೋಳ ಮತ್ತು ಮೆಣಸಿನಕಾಯಿ ಫ್ಲೋರೋಸಿಸ್ ತಂದಿವೆ. ದೆಹಲಿಯ ಎ.ಕೆ. ಸುಶೀಲಾ ಅವರು ಕಪ್ಪು ಉಪ್ಪು ಮತ್ತು ಕಪ್ಪು ಚಹಾ ಬಿಡಿಸಿ, ಕ್ಯಾಲ್ಸಿಯಂ ಹಾಗೂ ಸಿ, ಇ ಜೀವಸತ್ವಗಳಿರುವ ಆಹಾರ ಕೊಡಿಸುವ ಸಲಹಾಕ್ರಮವನ್ನು ಬೆಳೆಸಿದರು.

ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಕೊಳವೆಬಾವಿ ನೀರು ಪದೇಪದೇ ಅಧ್ಯಯನಕ್ಕೆ ಒಳಗಾಗಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ, ಬೇರೆ ನೀರಿಲ್ಲದಿದ್ದರೆ 1.5. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ರಿವರ್ಸ್ ಆಸ್ಮಾಸಿಸ್ ವಿಧಾನ ಫ್ಲೋರೈಡಿನ ಜೊತೆಗೆ ಕ್ಯಾಲ್ಸಿಯಂ ಅನ್ನೂ ತೆಗೆಯುವುದರಿಂದ ಆ ಕೊರತೆಯನ್ನು ಊಟವೇ ತುಂಬಬೇಕು. ಕುಡಿಯಲು ಘಟಕದ ನೀರು ತಂದು ಬೇಳೆ ಬೇಯಿಸಲು ಕೊಳವೆಬಾವಿಯದನ್ನೇ ಬಳಸಿದರೆ, ಕುದಿದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ.